ಅಜ್ಜಿತನದ ಲೆಕ್ಕ

1976ರ ಮಾರ್ಚ್‌ನಲ್ಲಿ ಅರ್ಜೆಂಟೀನಾದ ಸೇನೆ ಸರ್ಕಾರವನ್ನು ಕೆಡವಿ ತಾನೇ ಗದ್ದುಗೆಯೇರಿತು. ಮುಂದಿನ ಏಳು ವರ್ಷ ಆ ದೇಶದಲ್ಲಿ ಜನ ರಾತ್ರೋರಾತ್ರಿ ಕಾಣೆಯಾದರು. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರು, ಅವರ ಗೆಳೆಯರು, ಗೆಳೆಯರ ಗೆಳೆಯರು. ಹಾಗೆ ಎಳೆದೊಯ್ದವರಲ್ಲಿ ಬಸುರಿಯರೂ ಇದ್ದರು. ಹೆರಿಗೆಯಾಗುವವರೆಗೆ ಅವರನ್ನು ಜೀವಂತ ಉಳಿಸಿಕೊಂಡು, ಆಮೇಲೆ ಮುಗಿಸಿ, ಕೂಸುಗಳನ್ನು ಸೈನಿಕರ, ಪೊಲೀಸರ, ಅವರಿಗೆ ಬೇಕಾದವರ ಮನೆಗಳಿಗೆ ಹಂಚಲಾಯಿತು. ಅಪ್ಪ ಅಮ್ಮಂದಿರ ಜೊತೆಗೇ ಹಿಡಿದೊಯ್ದ ಪುಟ್ಟ ಮಕ್ಕಳದೂ ಅದೇ ಪಾಡು. ಹೀಗೆ ಕೈಬದಲಾದ ಮಕ್ಕಳು ಸುಮಾರು 500 ಎಂದು ಅಂದಾಜು.

ಕಾಗದದ ಮಟ್ಟಿಗೆ ಎಲ್ಲ ಅಚ್ಚುಕಟ್ಟು. ಹೆತ್ತವರು ಬಿಟ್ಟುಹೋದ ಶಿಶು ಎಂದು ಕೆಲವರಿಗೆ ನ್ಯಾಯಾಲಯದಿಂದಲೇ ದತ್ತು ಆದೇಶ ಸಿಕ್ಕಿತು. ಇನ್ನು ಹಲವರಿಗೆ ಅಷ್ಟು ತ್ರಾಸವೂ ಬೇಕಾಗಲಿಲ್ಲ. ವೈದ್ಯರೊಬ್ಬರೋ ಸೂಲಗಿತ್ತಿಯೋ ಸಹಿ ಹಾಕಿದ ಜನನ ಪತ್ರವೇ ಸಾಕಾಯಿತು. ಅದರ ಪ್ರಕಾರ ಸಾಕಿದವಳೇ ಹೆತ್ತವಳು.

1977ರಲ್ಲಿ ಈ ಮಕ್ಕಳ ಅಜ್ಜಿಯರು ಒಂದುಗೂಡಿದರು. ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ, ಅಧ್ಯಕ್ಷರ ಅರಮನೆಯ ಎದುರಿನ ಮೇ ಚೌಕದಲ್ಲಿ ಸೇರುತ್ತಿದ್ದವರು. ಅವರ ಕೈಯಲ್ಲಿ ಇದ್ದದ್ದಾದರೂ ಏನು? ಮಗಳದೊಂದು ಫೋಟೊ. ಅವಳಿಗೆ ದಿನ ತುಂಬುವುದು ಯಾವ ತಿಂಗಳಲ್ಲಿ ಎಂಬ ಲೆಕ್ಕ. ಸೆರೆಯಿಂದ ಬದುಕಿ ಬಂದ ಯಾರೋ ಹೇಳಿದ ಮಾತು: ಗಂಡು ಮಗು, ಇಂಥ ವಾರದಲ್ಲಿ. ನೆರೆಮನೆಯಲ್ಲಿ ಹೊಟ್ಟೆಯೇ ಕಾಣಿಸದೆ ಇದ್ದಕ್ಕಿದ್ದಂತೆ ಬಾಣಂತಿಯಾದ ಪೊಲೀಸನ ಹೆಂಡತಿಯ ಬಗ್ಗೆ ಬಂದ ಅನಾಮಧೇಯ ಪತ್ರ. ಇಷ್ಟರಿಂದ ಒಂದು ಮಗುವನ್ನು ಗುರುತಿಸಿದರೂ ನ್ಯಾಯಾಧೀಶರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ನಿಮ್ಮ ಮೊಮ್ಮಗು ಎನ್ನಲು ಪುರಾವೆ ಎಲ್ಲಿ?

ಆಗ ರಕ್ತಪರೀಕ್ಷೆಯಿಂದ ಪಿತೃತ್ವವನ್ನು ತೀರ್ಮಾನಿಸುವ ವಿಧಾನ ಇತ್ತು. ಆದರೆ ಅದಕ್ಕೆ ತಾಯಿ ಬೇಕು, ತಂದೆ ಎನಿಸಿಕೊಂಡವನು ಬೇಕು. ಇಲ್ಲಿ ಇಬ್ಬರೂ ಇಲ್ಲ. ಅಪ್ಪ ಅಮ್ಮನನ್ನು ಹಾರಿ ನೇರವಾಗಿ ಅಜ್ಜಿಯ ರಕ್ತದಿಂದ ಮೊಮ್ಮಗುವಿನ ಗುರುತು ಹಿಡಿಯಲು ಸಾಧ್ಯವೇ? ಈ ಪ್ರಶ್ನೆಯನ್ನು ಹಿಡಿದು ಅಜ್ಜಿಯರು ಯುರೋಪಿನ, ಅಮೆರಿಕದ ಪ್ರಯೋಗಾಲಯಗಳ ಬಾಗಿಲು ತಟ್ಟಿದರು. ತಳಿವಿಜ್ಞಾನದ ಚರಿತ್ರೆಯಲ್ಲಿ ಸಂಶೋಧನೆಯ ಪ್ರಶ್ನೆಯನ್ನು ಅಜ್ಜಿಯರೇ ರೂಪಿಸಿ ವಿಜ್ಞಾನಿಗಳ ಕೈಗಿತ್ತ ಇಂಥ ಇನ್ನೊಂದು ಪ್ರಸಂಗ ಸಿಗುವುದು ಕಷ್ಟ.

ಉತ್ತರ ಕೊಟ್ಟವರಲ್ಲಿ ಮುಖ್ಯರಾದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್. ಸ್ತನ ಕ್ಯಾನ್ಸರಿನ ಬಿಆರ್‌ಸಿಎ-1 ವಂಶವಾಹಿಯ ಜಾಡು ಹಿಡಿದು ಮುಂದೆ ಪ್ರಸಿದ್ಧರಾದವರು ಇವರೇ. 1984ರಲ್ಲಿ ಅವರು ಅರ್ಜೆಂಟೀನಾಕ್ಕೆ ಹೋದಾಗ ಡಿಎನ್‌ಎ ಪರೀಕ್ಷೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಬಿಳಿರಕ್ತಕಣಗಳ ಮೇಲಿನ ಎಚ್‌ಎಲ್‌ಎ ಎಂಬ ಪ್ರೊಟೀನುಗಳೇ ಆಧಾರ. ಅಂಗಾಂಗ ಕಸಿ ಮಾಡುವಾಗ ಹೊಂದಿಕೆ ನೋಡುವುದು ಇವುಗಳನ್ನೇ. ವ್ಯಕ್ತಿಯಿಂದ ವ್ಯಕ್ತಿಗೆ ಇವು ವಿಪರೀತ ಭಿನ್ನ. ಮಗುವಿಗೆ ಒಂದು ಕಟ್ಟು ಅಪ್ಪನಿಂದ, ಒಂದು ಕಟ್ಟು ಅಮ್ಮನಿಂದ. ಅಪ್ಪನ ಕಟ್ಟು ಅವನ ಹೆತ್ತವರಲ್ಲಿ ಒಬ್ಬರದು, ಅಮ್ಮನದೂ ಹಾಗೆಯೇ. ಹಾಗಾಗಿ ನಾಲ್ವರು ಅಜ್ಜ ಅಜ್ಜಿಯರ ರಕ್ತ ಸಿಕ್ಕರೆ, ಈ ಮಗುವಿನ ಜೋಡಿ ಇದೇ ನಾಲ್ವರಿಂದ ಬಂದಿರುವ ಸಂಭವ ಎಷ್ಟು, ಊರಿನ ಯಾರೋ ದಾರಿಹೋಕರಿಂದ ಬಂದಿರುವ ಸಂಭವ ಎಷ್ಟು ಎಂದು ತೂಗಿ ನೋಡಬಹುದು. ಸತ್ತವರ ಜಾಗದಲ್ಲಿ ಅವರ ಒಡಹುಟ್ಟಿದವರನ್ನು ಕೂರಿಸಿ ಲೆಕ್ಕವನ್ನು ಸರಿದೂಗಿಸಬಹುದು. ಅದಕ್ಕೆ ಅಜ್ಜಿತನದ ಸೂಚ್ಯಂಕ ಎಂದು ಹೆಸರಾಯಿತು. ಅದೇ ವರ್ಷ, ಪೊಲೀಸ್ ಅಧಿಕಾರಿಯೊಬ್ಬ ತನ್ನ ಮಗಳೆಂದು ದಾಖಲಿಸಿಕೊಂಡಿದ್ದ ಎಂಟು ವರ್ಷದ ಬಾಲೆಯ ವಿಷಯದಲ್ಲಿ ಸೂಚ್ಯಂಕ ಶೇ 99ನ್ನು ದಾಟಿತು. ನ್ಯಾಯಾಲಯ ಅವಳನ್ನು ಅಜ್ಜಿಯ ಕೈಗೆ ಒಪ್ಪಿಸಿತು.

1987ರಲ್ಲಿ ಅರ್ಜೆಂಟೀನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಜ್ಜಿಯರಿಗೆ ವಯಸ್ಸಾಗುತ್ತಿತ್ತು, ಮಕ್ಕಳು ಇನ್ನೂ ಸಿಕ್ಕಿರಲಿಲ್ಲ. ಕಾಣೆಯಾದವರ ಬಂಧುಗಳ ರಕ್ತದ ಮಾಹಿತಿಯನ್ನು ಕಾದಿಡಲು ಕಾನೂನಿನ ಮೂಲಕ ರಾಷ್ಟ್ರೀಯ ಆನುವಂಶಿಕ ಬ್ಯಾಂಕ್ ಸ್ಥಾಪನೆಯಾಯಿತು. ಅಜ್ಜಿ ತೀರಿಕೊಂಡ ಮೇಲೆ, ಮೂವತ್ತು ವರ್ಷ ತಡವಾಗಿ ಮೊಮ್ಮಗ ಬಂದು ಬಾಗಿಲು ತಟ್ಟಿದರೂ ಉತ್ತರ ಕೊಡುವ ವ್ಯವಸ್ಥೆ ಅದು.

ಬ್ಯಾಂಕ್ ಬೇಕಾದದ್ದು ಇದಕ್ಕೇ: ಡಿಎನ್‌ಎ ಪರೀಕ್ಷೆ ಒಬ್ಬ ವ್ಯಕ್ತಿಯ ಬಗ್ಗೆ ಒಬ್ಬಂಟಿಯಾಗಿ ಹೇಳುವುದು ತೀರ ಕಡಿಮೆ. ಇನ್ನೊಬ್ಬರ ಮಾದರಿಯ ಪಕ್ಕದಲ್ಲಿಟ್ಟಾಗಷ್ಟೇ ಅದಕ್ಕೆ ಬಾಯಿ ಬರುತ್ತದೆ. ವಂಶ ಹುಡುಕುವವರು ಮೊದಲು ಎಡವುವುದು ಇಲ್ಲೇ. ಪರೀಕ್ಷೆ ಮಾಡುವ ಕಂಪನಿಗೆ ಕೊಳವೆಯಲ್ಲಿ ಉಗುಳಿ ಕಳಿಸಿದರೆ ಅಪ್ಪನ ಹೆಸರು ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದು ಒಂದು ಪಟ್ಟಿ: ಮೊದಲೇ ಉಗುಳಿದ್ದ ಬೇರೆಯವರಲ್ಲಿ ಯಾರ ಜೊತೆ ಎಷ್ಟು ಪಾಲು ಹೊಂದಿಕೆಯಾಗುತ್ತದೆ ಎಂದು.

ಮೇರಿ-ಕ್ಲೇರ್ ಕಿಂಗ್ ಬಳಿಕ ಹಿಡಿದ ದಾರಿ ಇನ್ನೂ ಸೊಗಸಾದದ್ದು. ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯಾಗಳಲ್ಲಿ ಸುಮಾರು 16,569 ಅಕ್ಷರಗಳ ಪುಟ್ಟದೊಂದು ಡಿಎನ್‌ಎ ಇದೆ. ಅದು ಬರುವುದು ತಾಯಿಯಿಂದ ಮಾತ್ರ, ಬಹುಪಾಲು ಯಥಾವತ್ತಾಗಿ. ತಾಯಿಯ ತಾಯಿ, ಚಿಕ್ಕಮ್ಮ, ಸೋದರಮಾವ, ಇವರಲ್ಲಿ ಒಬ್ಬರು ಬದುಕಿದ್ದರೂ ಮಗುವಿನ ಮೈಟೊಕಾಂಡ್ರಿಯಾವನ್ನು ಹೋಲಿಸಿ ನೋಡಬಹುದು. ನಾಲ್ವರು ಅಜ್ಜ ಅಜ್ಜಿಯರನ್ನು ಕೂಡಿಸಬೇಕಿಲ್ಲ. ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಬೆಳೆದ ಕರಾವಳಿಯವರಿಗೆ ಈ ದಾರಿ ಪರಿಚಿತ. ಬಂಟರಲ್ಲಿ, ಬಿಲ್ಲವರಲ್ಲಿ ‘ಬಳಿ’ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಗಂಡುಮಕ್ಕಳಲ್ಲಿ ನಿಂತುಹೋಗುತ್ತದೆ. ಮೈಟೊಕಾಂಡ್ರಿಯಾದ ನಡೆಯೂ ಅಕ್ಷರಶಃ ಅದೇ. ಘಟ್ಟದ ಮೇಲಿನ ಗೋತ್ರ, ಬೆಡಗುಗಳು ತಂದೆಯಿಂದ ಮಗನಿಗೆ ಸಾಗುವ ವೈ ವರ್ಣತಂತುವಿನ ಹಾದಿ ಹಿಡಿದಿವೆ.

ಆದರೆ ಈ ಎರಡೂ ಸಪೂರ ಗೆರೆಗಳು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ ಲೆಕ್ಕದ ಪ್ರಕಾರ 1,024 ಪೂರ್ವಜರು. ಮೈಟೊಕಾಂಡ್ರಿಯಾ ಅವರಲ್ಲಿ ಒಬ್ಬಳನ್ನು ತೋರಿಸುತ್ತದೆ, ವೈ ಒಬ್ಬನನ್ನು. ಉಳಿದ 1,022 ಮಂದಿ ಕತ್ತಲಲ್ಲಿ.

ಅವರ ಮೇಲೆ ಬೆಳಕು ಬೀಳಬೇಕಾದರೆ ಉಳಿದ 22 ಜೋಡಿ ವರ್ಣತಂತುಗಳಿಗೆ ಹೋಗಬೇಕು. ಇವು ಪ್ರತಿ ತಲೆಮಾರಿನಲ್ಲೂ ತುಂಡಾಗಿ ಮರುಜೋಡಣೆಯಾಗುತ್ತವೆ. ಎರಡು ಕಟ್ಟು ಇಸ್ಪೀಟನ್ನು ಕಲಸಿ ಒಂದು ಕಟ್ಟಿನಷ್ಟು ಎಲೆಗಳನ್ನು ಮುಂದಿನವನ ಕೈಗೆ ಕೊಟ್ಟ ಹಾಗೆ. ಎರಡು ಜಾಗಗಳು ಹತ್ತಿರವಿದ್ದಷ್ಟೂ ಒಟ್ಟಿಗೇ ಸಾಗುತ್ತವೆ, ದೂರವಿದ್ದಷ್ಟೂ ಬೇರೆಯಾಗುತ್ತವೆ. ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಿದ್ದ ಥಾಮಸ್ ಹಂಟ್ ಮಾರ್ಗನ್ ಅವರ ಶಿಷ್ಯ ಆಲ್ಫ್ರೆಡ್ ಸ್ಟರ್ಟೆವಂಟ್ ಪದವಿ ತರಗತಿಯಲ್ಲಿದ್ದಾಗಲೇ ಇದನ್ನು ದೂರದ ಅಳತೆಯಾಗಿ ಬಳಸಬಹುದು ಎಂದು ಕಂಡುಕೊಂಡ. ಕಾಲೇಜಿನ ಪಾಠ ಬದಿಗಿಟ್ಟು ಒಂದು ರಾತ್ರಿ ಕುಳಿತು ವರ್ಣತಂತುವಿನ ಮೊದಲ ನಕ್ಷೆ ಬರೆದ. ಅದು ಪ್ರಕಟವಾದದ್ದು 1913ರಲ್ಲಿ. ಆ ದೂರದ ಮಾನ ಈಗ ಗುರುವಿನ ಹೆಸರಿನಲ್ಲಿದೆ: ಸೆಂಟಿಮಾರ್ಗನ್. ವಂಶ ಹುಡುಕುವವರ ಬಾಯಲ್ಲಿ ದಿನವಿಡೀ ಇದೇ ಮಾತು.

ತಾಯಿಗೂ ಮಗುವಿಗೂ ನಡುವೆ ಸುಮಾರು 3,400ರಿಂದ 3,500 ಸೆಂಟಿಮಾರ್ಗನ್ ಹೊಂದಿಕೆ. ಅಜ್ಜಿ, ಸೋದರತ್ತೆ, ಮಲತಾಯಿಯಲ್ಲಿ ಅಪ್ಪನಿಗೆ ಹುಟ್ಟಿದ ಮಗ, ಈ ಮೂವರದೂ ಸುಮಾರು 1,750. ಚಿಕ್ಕಪ್ಪನ ಮಗಳಾದರೆ 850ರ ಆಸುಪಾಸು. ಒಬ್ಬನೇ ಮುತ್ತಜ್ಜನ ಮರಿಮಕ್ಕಳಾದರೆ 230. ಇನ್ನೊಂದು ತಲೆಮಾರು ಆಚೆಗೆ ಹೋದರೆ 70ರಷ್ಟು. ಇವೆಲ್ಲ ಸರಾಸರಿಗಳು, ಇಸ್ಪೀಟು ಹೇಗೆ ಬಿತ್ತೋ ಹಾಗೆ ಮೇಲೆ ಕೆಳಗೆ ಆಗುತ್ತವೆ. ಮುತ್ತಜ್ಜನ ಅಪ್ಪನನ್ನು ಹಂಚಿಕೊಂಡ ಹತ್ತು ಜೋಡಿಗಳಲ್ಲಿ ಒಂದರಷ್ಟಕ್ಕೆ, ಸಂಬಂಧ ನಿಜವಾಗಿದ್ದರೂ ಹೊಂದಿಕೆ ಸೊನ್ನೆ. ಅದರ ಮುಂದಿನ ತಲೆಮಾರಿನಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಿಗೆ ಸೊನ್ನೆ. ಹೊಂದಿಕೆ ಇಲ್ಲವೆಂದ ಮಾತ್ರಕ್ಕೆ ಬಂಧುವಲ್ಲ ಎಂದು ಜಗಳ ತೆಗೆಯುವ ಹಾಗಿಲ್ಲ.

ಗಮನಿಸಬೇಕಾದ್ದು 1,750ರ ಸಾಲು. ಅಜ್ಜಿಯೋ ಅತ್ತೆಯೋ ಮಲಅಣ್ಣನೋ ಎಂದು ಅಂಕಿ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ವಯಸ್ಸು, ಊರು, ಮದುವೆಯ ತಾರೀಖು ಬರೆದಿಟ್ಟವರು.

ಅಮೆರಿಕದಲ್ಲಿ ಈ ಅಂಕಿಯನ್ನೂ ಬರೆದಿಟ್ಟ ದಾಖಲೆಯನ್ನೂ ಹೊಲಿಯುವ ಕೆಲಸ ಒಂದು ಕಸುಬಾಗಿಯೇ ಬೆಳೆದಿದೆ. ಅದಕ್ಕೆ ಕಾರಣ ಅಲ್ಲಿನ ಕಾನೂನು. ಅಲ್ಲಿ ಮಗು ದತ್ತು ಹೋದಾಗ ಮೂಲ ಜನನ ಪತ್ರವನ್ನು ಮುದ್ರೆಯೊತ್ತಿ ಒಳಗಿಟ್ಟು, ಸಾಕುತಂದೆ ಸಾಕುತಾಯಿಯನ್ನೇ ಹೆತ್ತವರೆಂದು ತೋರಿಸುವ ಹೊಸ ಪತ್ರ ಕೊಡುತ್ತಾರೆ. ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ಬಹುತೇಕ ರಾಜ್ಯಗಳಲ್ಲಿ ಮೂಲ ಪತ್ರ ದತ್ತು ಹೋದವರಿಗೂ ಸಿಗದಂತಾಯಿತು. ಅಲಾಸ್ಕ ಮತ್ತು ಕ್ಯಾನ್ಸಸ್ ಮಾತ್ರ ವಯಸ್ಕರಿಗೆ ಆ ಬಾಗಿಲನ್ನು ಎಂದೂ ಮುಚ್ಚಲಿಲ್ಲ. ನ್ಯೂಯಾರ್ಕ್ ತೆರೆದದ್ದು 2020ರ ಜನವರಿಯಲ್ಲಿ. ಮುಚ್ಚುವುದಕ್ಕೆ ಹೇಳಿದ ಕಾರಣ ಮಗುವಿನ ಮೇಲಿನ ಕಳಂಕ ತಪ್ಪಿಸುವುದು, ತಾಯಿಯ ಮಾನ ಕಾಯುವುದು. ಆದರೆ ಮುಚ್ಚಿದ ಕಪಾಟಿನ ಲಾಭ ಪಡೆದವರು ಬೇರೆಯವರೂ ಇದ್ದರು. ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಜಾರ್ಜಿಯಾ ಟ್ಯಾನ್ ಎಂಬಾಕೆ ಮಕ್ಕಳ ಧಾಮವೊಂದರ ಹೆಸರಿನಲ್ಲಿ 1950ರವರೆಗೆ ಸಾವಿರಾರು ಮಕ್ಕಳನ್ನು ದತ್ತು ಕೊಡಿಸಿದಳು. ಬಡವರಿಂದ ಮೋಸದಿಂದ ಪಡೆದ, ಕೆಲವೊಮ್ಮೆ ಸೀದಾ ಕದ್ದ ಮಕ್ಕಳು. ಕಡತದಲ್ಲಿ ಮಾತ್ರ ಓದಿದ, ಒಳ್ಳೆಯ ಮನೆತನದ ಹೆತ್ತವರು. ಸಿನಿಮಾ ತಾರೆಯರೂ ಆ ಧಾಮದಿಂದ ಮಕ್ಕಳನ್ನು ಪಡೆದಿದ್ದರು. ತನಿಖೆ ಶುರುವಾದ ಬೆನ್ನಿಗೇ ಟ್ಯಾನ್ ಕ್ಯಾನ್ಸರಿನಿಂದ ತೀರಿಕೊಂಡಳು.

ಕಪಾಟು ತೆರೆಯದೆಯೇ ಅದರೊಳಗಿನ ಹೆಸರು ಹಿಡಿಯುವುದು ಹೀಗೆ. ದತ್ತು ಹೋದ ಮಹಿಳೆಯೊಬ್ಬಳ ಪಟ್ಟಿಯಲ್ಲಿ ಅತಿ ಹತ್ತಿರದ ಬಂಧು 230 ಸೆಂಟಿಮಾರ್ಗನ್‌ನವನು ಎನ್ನೋಣ. ಯಾರೋ ಅಪರಿಚಿತ. ಮೊದಲು 90ರಿಂದ 400ರ ನಡುವೆ ಬರುವವರನ್ನೆಲ್ಲ ಹಾಳೆಯ ಮೇಲೆ ಬರೆದು, ಯಾರಿಗೆ ಯಾರು ಹೊಂದುತ್ತಾರೆ ಎಂದು ನೋಡಿ ಬಣ್ಣ ಬಳಿಯುತ್ತಾರೆ. 2018ರಲ್ಲಿ ಡೇನಾ ಲೀಡ್ಸ್ ರೂಪಿಸಿದ ಈ ಸರಳ ಉಪಾಯದಲ್ಲಿ ಅದೃಷ್ಟವಿದ್ದರೆ ನಾಲ್ಕು ಬಣ್ಣದ ಕಂಬಗಳು ಏಳುತ್ತವೆ. ನಾಲ್ಕು ಕಂಬ ಎಂದರೆ ಅವಳ ನಾಲ್ವರು ಅಜ್ಜ ಅಜ್ಜಿಯರ ಕಡೆಯವರು, ಹೆಸರಿಲ್ಲದೆ. ಆಮೇಲೆ ಕಾಗದದ ಕೆಲಸ. ನೀಲಿ ಕಂಬದ ಮೂರು ಜನರ ವಂಶವೃಕ್ಷಗಳನ್ನು ಮೇಲಕ್ಕೆ ಬೆಳೆಸುತ್ತ ಹೋದರೆ ಎಲ್ಲೋ ಒಂದು ಗಂಡ ಹೆಂಡತಿಯ ಜೋಡಿಯಲ್ಲಿ ಅವು ಕೂಡುತ್ತವೆ. ಅಲ್ಲಿಂದ ತಿರುಗಿ ಕೆಳಕ್ಕೆ: ಆ ಜೋಡಿಗೆ ಎಷ್ಟು ಮಕ್ಕಳು, ಅವರಿಗೆಷ್ಟು, ಯಾರು ಯಾವ ಊರಿಗೆ ಹೋದರು. ಹಸಿರು ಕಂಬಕ್ಕೂ ಹಾಗೆಯೇ. ನೀಲಿ ಮನೆತನದ ಹುಡುಗ ಹಸಿರು ಮನೆತನದ ಹುಡುಗಿಯನ್ನು ಮದುವೆಯಾದ ದಾಖಲೆ ಸಿಕ್ಕರೆ ಹುಡುಕಾಟ ಒಮ್ಮೆಲೇ ಕಿರಿದಾಗುತ್ತದೆ. ಅವಳ ಅಪ್ಪನೋ ಅಮ್ಮನೋ ಅವರ ಮಕ್ಕಳಲ್ಲೊಬ್ಬರು.

ಈ ಕೆಲಸಕ್ಕೆ ಅಮೆರಿಕದಂಥ ನೆಲ ಇನ್ನೊಂದಿಲ್ಲ. ಜನಗಣತಿಯ ಮನೆಮನೆಯ ಪಟ್ಟಿಗಳನ್ನು 72 ವರ್ಷ ಕಳೆದ ಮೇಲೆ ಅಲ್ಲಿ ಎಲ್ಲರಿಗೂ ಬಿಟ್ಟುಕೊಡುತ್ತಾರೆ. 1950ರದ್ದು 2022ರ ಏಪ್ರಿಲ್ 1ರಂದು ಹೊರಬಂತು. ಊರಿನ ಪತ್ರಿಕೆಗಳ ನಿಧನ ವಾರ್ತೆಗಳಲ್ಲಿ ಸತ್ತವರ ಮಕ್ಕಳು, ಸೊಸೆಯರು, ಮೊಮ್ಮಕ್ಕಳ ಹೆಸರು ಸಾಲಾಗಿ ಇರುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಸರಣಿ ಹಂತಕ, ಮಾಜಿ ಪೊಲೀಸ್ ಜೋಸೆಫ್ ಡಿಏಂಜೆಲೊ ಸಿಕ್ಕಿಬಿದ್ದದ್ದೂ ಇದೇ ವಿಧಾನದಿಂದ. ಅದರಲ್ಲಿ ನೆರವಾದ ಬಾರ್ಬರಾ ರೇ-ವೆಂಟರ್ ನಿವೃತ್ತ ಪೇಟೆಂಟ್ ವಕೀಲೆ. ದತ್ತು ಹೋದವರ ಹೆತ್ತವರನ್ನು ಹುಡುಕಿಕೊಡುತ್ತಲೇ ಈ ವಿದ್ಯೆ ಕಲಿತವರು.

ಕಾಗದ ಪಕ್ಕಾ ಇದ್ದಾಗಲೂ ರಕ್ತ ಬೇರೆ ಮಾತಾಡಬಹುದು. 2012ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕಾರು ನಿಲ್ಲಿಸುವ ಜಾಗದ ಅಡಿ ಸಿಕ್ಕ ಅಸ್ಥಿಪಂಜರ, 1485ರ ಯುದ್ಧದಲ್ಲಿ ಸತ್ತ ಮೂರನೇ ರಿಚರ್ಡ್ ದೊರೆಯದು ಎಂದು ಗುರುತಾಯಿತು. ದೊರೆಯ ಅಕ್ಕನಿಂದ ಹೆಣ್ಣುಗೆರೆಯಲ್ಲೇ ಇಳಿದು ಬಂದವರಲ್ಲಿ ಒಬ್ಬರು ಲಂಡನ್ನಿನ ಪೀಠೋಪಕರಣದ ಬಡಗಿ ಮೈಕೆಲ್ ಇಬ್ಸೆನ್. ಅವರ ಮೈಟೊಕಾಂಡ್ರಿಯಾ ದೊರೆಯದಕ್ಕೆ ಹೊಂದಿತು. ಮರುಸಂಸ್ಕಾರಕ್ಕೆ ಶವಪೆಟ್ಟಿಗೆ ಮಾಡಿಕೊಟ್ಟವರೂ ಅವರೇ. ಗಂಡುಗೆರೆಯಲ್ಲಿ ಮಾತ್ರ ಪೇಚು. ರಿಚರ್ಡನ ಮುತ್ತಜ್ಜನ ತಂದೆ ಮೂರನೇ ಎಡ್ವರ್ಡ್‌ನಿಂದ ಇಳಿದು ಬಂದವರೆಂದು ಶ್ರೀಮಂತರ ವಂಶಾವಳಿಗಳು ಸಾರುತ್ತಿದ್ದ ಐವರು ಜೀವಂತ ಗಂಡಸರ ವೈ ವರ್ಣತಂತು ನೋಡಿದರು. ಒಬ್ಬರದೂ ದೊರೆಯದಕ್ಕೆ ಹೊಂದಲಿಲ್ಲ. ಐವರಲ್ಲಿ ನಾಲ್ವರದು ತಮ್ಮತಮ್ಮೊಳಗೆ ಹೊಂದಿತು, ಐದನೆಯವರದು ಅದೂ ಇಲ್ಲ. ನಾಲ್ಕು ಶತಮಾನಗಳ ಉದ್ದಕ್ಕೆ ಎಲ್ಲೋ ಒಂದು ಕಡೆ ಅಪ್ಪ ಎಂದು ಬರೆದವನು ಅಪ್ಪನಾಗಿರಲಿಲ್ಲ. ಆ ಮುರಿತ ಸರಿಯಾಗಿ ಯಾವ ತಲೆಮಾರಿನಲ್ಲಿ ಎಂಬುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಲಾಗಲಿಲ್ಲ. ಇಂಗ್ಲೆಂಡಿನ ಪತ್ರಿಕೆಗಳು ಮಾತ್ರ ಯಾವ ಯಾವ ರಾಜರ ಹಕ್ಕಿಗೆ ಸಂಚಕಾರ ಎಂದು ಚರ್ಚಿಸಿದವು.

ಕನ್ನಡನಾಡಿನ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ತಕರಾರು ಎದ್ದದ್ದು ರಕ್ತಕ್ಕಾಗಿ ಅಲ್ಲ, ದತ್ತಕದ ಒಂದು ಪತ್ರಕ್ಕಾಗಿ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡಿರುವುದಾಗಿ ತಿಳಿಸುವ ಅವನ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿತ್ತು. ಸಹಿ ನಿಜವಾಗಿ ದೇಸಾಯಿಯದೇ ಎಂಬುದನ್ನು ಥ್ಯಾಕರೆ ನಂಬಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ದತ್ತಕವನ್ನು ಒಪ್ಪಲಿಲ್ಲ, ರಾಣಿ ಚೆನ್ನಮ್ಮ ಕೋಟೆಯನ್ನು ಬಿಟ್ಟುಕೊಡಲಿಲ್ಲ, ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಎದುರು ಹತನಾದ. ಇಂದಿನ ಯಾವ ಪ್ರಯೋಗಾಲಯವಿದ್ದರೂ ಆ ತಕರಾರನ್ನು ಬಗೆಹರಿಸಲು ಆಗುತ್ತಿರಲಿಲ್ಲ. ದತ್ತಕ ಮಾತಿನಿಂದ, ವಿಧಿಯಿಂದ, ಬರಹದಿಂದ ಆಗುವ ನಂಟು. ಡಿಎನ್‌ಎಗೆ ಅದು ಕಾಣುವುದೇ ಇಲ್ಲ. ಮೈಸೂರಿನ ಒಡೆಯರ ಮನೆತನ 1865ರಲ್ಲಿ ಮತ್ತು 2015ರಲ್ಲಿ ಮುಂದುವರಿದದ್ದು ದತ್ತಕದ ಮೂಲಕವೇ. ವೈ ವರ್ಣತಂತುವನ್ನು ಕೇಳಿದರೆ ವಂಶ ಅಲ್ಲಿ ಕಡಿಯಿತು ಎನ್ನುತ್ತದೆ. ಕಾನೂನು, ಅರಮನೆ, ದಸರಾ ನೋಡಲು ಬಂದ ಜನ, ಯಾರೂ ಹಾಗೆನ್ನುವುದಿಲ್ಲ.

ನಮ್ಮಲ್ಲಿ ವಂಶಾವಳಿಯನ್ನು ನೆನಪಿಡುವುದನ್ನೇ ಕಸುಬಾಗಿ ಮಾಡಿಕೊಂಡವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನೊಂದಿಗೆ ಊರಿಗೆ ಬರುವ ಹೆಳವರು ಜಗಲಿಯ ಎದುರು ನಿಂತು ಮನೆತನದ ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಹಾಡುತ್ತಾರೆ: ಯಾವ ಊರಿನಿಂದ ವಲಸೆ ಬಂದರು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು, ಯಾವ ಬೆಡಗು. ಕಳೆದ ಸಲ ಬಂದ ಮೇಲೆ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಂಡು, ಕಾಳುಕಡಿ, ದುಡ್ಡು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಹರಿದ್ವಾರದ ತೀರ್ಥಪುರೋಹಿತರಾದ ಪಂಡರ ಬಹಿಗಳನ್ನು, ಅಂದರೆ ವಂಶಾವಳಿ ಪುಸ್ತಕಗಳನ್ನು, ಅಮೆರಿಕದ ಯೂಟಾದ ವಂಶಾವಳಿ ಸಂಘದವರು 1970ರ ದಶಕದಿಂದಲೇ ಮೈಕ್ರೋಫಿಲ್ಮ್ ಮಾಡಿಕೊಂಡರು. ಹೆಳವರ ಹೊತ್ತಗೆಗಳಿಗೆ ಆಗ ಆ ಅದೃಷ್ಟ ಬರಲಿಲ್ಲ. ಈ ಪಟ್ಟಿಗಳ ಕೊರತೆಯೂ ಗೊತ್ತಿರುವಂಥದ್ದೇ: ಗಂಡುಗೆರೆ ಉದ್ದ, ಹೆಣ್ಣುಮಕ್ಕಳು ಮದುವೆಯಾದೊಡನೆ ಪುಟದಿಂದ ಮಾಯ. ನಾಡಕಚೇರಿಯಲ್ಲಿ ಪೌತಿ ಖಾತೆಗಾಗಿ ಮಾಡಿಸುವ ವಂಶವೃಕ್ಷದ್ದು ಇನ್ನೊಂದು ಬಗೆ. ಅಲ್ಲಿ ಜಮೀನಿನ ಹಕ್ಕು ಕೇಳಬಹುದಾದವರೇ ವಂಶ. ಒಬ್ಬ ತಂಗಿಯನ್ನು ಬಿಟ್ಟು ಬರೆಸಿದ ವಂಶವೃಕ್ಷದಿಂದ ಕೋರ್ಟು ಮೆಟ್ಟಿಲೇರಿದ ದಾಯಾದಿಗಳನ್ನು ಯಾವ ತಾಲ್ಲೂಕಿನಲ್ಲಿ ಬೇಕಾದರೂ ನೋಡಬಹುದು.

ಹಾಗಾದರೆ ಅಮೆರಿಕದವರ ಬಣ್ಣದ ಕಂಬಗಳ ಉಪಾಯವನ್ನು ಇಲ್ಲಿ ಬಳಸಬಹುದಲ್ಲ? ಬಳಸಿದವರು ತಬ್ಬಿಬ್ಬಾಗುತ್ತಾರೆ. ಶತಮಾನಗಳಿಂದ ಜಾತಿಯೊಳಗೇ ಮದುವೆ ನಡೆದಿರುವುದರಿಂದ ಒಂದೇ ಜಾತಿಯ ಅಪರಿಚಿತರಲ್ಲೂ ಸಣ್ಣಸಣ್ಣ ತುಣುಕುಗಳು ಹೊಂದುತ್ತವೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರಿಶೀಲಿಸಿತು. ಅವುಗಳ ಪೈಕಿ 81 ಸಮುದಾಯಗಳಲ್ಲಿ ಬೆರಳೆಣಿಕೆಯ ಪೂರ್ವಜರಿಂದ ಹರಡಿದ ಗುರುತು, ಈ ವಿಷಯಕ್ಕೇ ಹೆಸರಾದ ಅಶ್ಕೆನಾಜಿ ಯಹೂದಿಗಳಿಗಿಂತ, ಫಿನ್ಲೆಂಡಿನವರಿಗಿಂತ ಗಾಢವಾಗಿತ್ತು. ಅಂಥ ಕಡೆ ನಾಲ್ಕು ಕಂಬಗಳು ಏಳುವುದಿಲ್ಲ. ಎಲ್ಲರೂ ಎಲ್ಲರಿಗೂ ಹೊಂದಿ ಒಂದೇ ಕಂಬವಾಗುತ್ತದೆ. ಪರೀಕ್ಷಾ ಕಂಪನಿಯ ಗಣಕ ಯಾರನ್ನೋ ಮುತ್ತಜ್ಜನ ಮರಿಮಗ ಎಂದು ಊಹಿಸಿದರೆ, ನಿಜವಾಗಿ ಆತ ಏಳೆಂಟು ತಲೆಮಾರಿನಾಚೆ ಹಲವು ದಾರಿಗಳಿಂದ ಬಂಧುವಾದವನಿರಬಹುದು.

ಅದರ ಮೇಲೆ ಸೋದರಮಾವನ ಮದುವೆ. ಅಕ್ಕನ ಮಗಳನ್ನು ಮದುವೆಯಾದವನ ಮಗುವನ್ನೇ ತೆಗೆದುಕೊಳ್ಳಿ. ಆ ಮಗುವಿಗೆ ತಾಯಿಯ ತಾಯಿ ಅಜ್ಜಿ; ಅದೇ ಹೆಂಗಸು ತಂದೆಯ ಅಕ್ಕ, ಹಾಗಾಗಿ ಸೋದರತ್ತೆ. ಅಜ್ಜಿಯಾಗಿ ಕಾಲುಭಾಗ, ಅತ್ತೆಯಾಗಿ ಕಾಲುಭಾಗ, ಕೂಡಿದರೆ ಅರ್ಧ. ಸರಾಸರಿ ಲೆಕ್ಕದಲ್ಲಿ ಅದು ಹೆತ್ತ ತಾಯಿಯ ಪಾಲಿನಷ್ಟೇ! ವ್ಯತ್ಯಾಸ ಕಾಣುವುದು ಹೊಂದಿಕೆಯ ವಿನ್ಯಾಸದಲ್ಲಿ. ತಾಯಿಯ ಜೊತೆಗಿನ ಹೊಂದಿಕೆ ಪ್ರತಿ ವರ್ಣತಂತುವಿನ ಈ ತುದಿಯಿಂದ ಆ ತುದಿಯವರೆಗೆ ಹಾಸಿಕೊಂಡಿರುತ್ತದೆ. ಅಜ್ಜಿಯದು ಅಲ್ಲಲ್ಲಿ ಹರಿದಿರುತ್ತದೆ, ಕೆಲವೆಡೆ ಎರಡು ಪದರ ಆಗಿರುತ್ತದೆ. ಮಂಡ್ಯದ್ದೋ ಕೋಲಾರದ್ದೋ ಮನೆಯ ಮಗು ಸ್ವೀಡನ್ನಿಗೆ ದತ್ತು ಹೋಗಿ, ನಲವತ್ತು ವರ್ಷದ ಮೇಲೆ ಫಲಿತಾಂಶ ನೋಡುವಾಗ ಅಂಕಿಯನ್ನಷ್ಟೇ ನಂಬಿದರೆ ಅಜ್ಜಿಯನ್ನು ಅಮ್ಮ ಎಂದುಕೊಳ್ಳುವ ಅಪಾಯ ಇದೆ. ಅರ್ಜೆಂಟೀನಾದ ಲೆಕ್ಕವನ್ನು ಹಾಗೇ ತಂದು ಇಲ್ಲಿ ಹಚ್ಚಲಾಗದು. ಯಾರು ಯಾರನ್ನು ಮದುವೆಯಾದರು ಎಂದು ಮೊದಲು ತಿಳಿಯಬೇಕು.

ಹೊರದೇಶಕ್ಕೆ ದತ್ತು ಹೋದವರ ಕಡತಗಳದ್ದು ಬೇರೆಯದೇ ಕಥೆ. ದಕ್ಷಿಣ ಕೊರಿಯಾದಿಂದ ಲಕ್ಷಕ್ಕೂ ಹೆಚ್ಚು ಮಕ್ಕಳು ಯುರೋಪು, ಅಮೆರಿಕಗಳಿಗೆ ಹೋದರು. ಹೆತ್ತವರಿರುವ ಮಕ್ಕಳನ್ನೂ ಅನಾಥರೆಂದು ದಾಖಲಿಸಿದ್ದು, ಹೋಗಬೇಕಾದ ಮಗು ಸತ್ತರೆ ಅದರ ಕಾಗದದ ಮೇಲೆ ಇನ್ನೊಂದು ಮಗುವನ್ನು ಕಳಿಸಿದ್ದು ನಿಜವೆಂದು ಅಲ್ಲಿನ ಸತ್ಯಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಅಂಥವರಿಗೆ ಕಡತ ತೋರಿಸುವುದು ಬೇರೆ ಯಾರದೋ ಅಮ್ಮನನ್ನು. ಶ್ರೀಲಂಕಾದಲ್ಲಿ ಹೆತ್ತ ತಾಯಿಯಂತೆ ನಟಿಸುವ ಹೆಂಗಸರನ್ನು ಅಧಿಕಾರಿಗಳ ಮುಂದೆ ನಿಲ್ಲಿಸಿ ಸಹಿ ಹಾಕಿಸಿದ ಪ್ರಕರಣಗಳು ಹೊರಬಂದವು. ನೆದರ್ಲೆಂಡ್ಸ್ ಸರ್ಕಾರ 2021ರ ಫೆಬ್ರುವರಿಯಲ್ಲಿ ಹೊರದೇಶದ ದತ್ತುಗಳನ್ನೇ ತಡೆಹಿಡಿಯಲು ಇಂಥ ಸಂಗತಿಗಳೇ ಕಾರಣ.

ಭಾರತದಲ್ಲಿ 1984ರವರೆಗೆ ಇದಕ್ಕೊಂದು ಸ್ಪಷ್ಟ ಚೌಕಟ್ಟೇ ಇರಲಿಲ್ಲ. ವಿದೇಶಿ ದಂಪತಿ 1890ರ ಪೋಷಕರ ಕಾಯ್ದೆಯಡಿ ಇಲ್ಲಿನ ನ್ಯಾಯಾಲಯದಿಂದ ಮಗುವಿನ ಪೋಷಕತ್ವ ಪಡೆದು, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಯಮಗಳನ್ನು ಹಾಕಿಕೊಟ್ಟಿತು, 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ಹುಟ್ಟಿತು. ಅದಕ್ಕೆ ಮೊದಲು ಹೋದವರ ಹೆಜ್ಜೆಗುರುತು ನಾಲ್ಕಾರು ಕಡೆ ಚೆದುರಿದೆ: ಆಸ್ಪತ್ರೆಯ ಹೆರಿಗೆ ಪುಸ್ತಕ, ಮಗುವನ್ನು ಒಪ್ಪಿಸಿದ ಪತ್ರ, ಶಿಶುಧಾಮದ ದಾಖಲಾತಿ ರಿಜಿಸ್ಟರು, ಬೀದಿಯಲ್ಲಿ ಸಿಕ್ಕ ಮಗುವಾದರೆ ಠಾಣೆಯ ನಮೂದು, ನ್ಯಾಯಾಲಯದ ಆದೇಶ. ಮದುವೆಯಿಲ್ಲದೆ ಹೆತ್ತವಳು ಆಸ್ಪತ್ರೆಯಲ್ಲಿ ಬೇರೆ ಹೆಸರು ಬರೆಸಿದ್ದರೆ ಆಶ್ಚರ್ಯವಿಲ್ಲ. ಆ ಹೆಸರೇ ಮುಂದಿನ ಎಲ್ಲ ಕಾಗದಗಳಿಗೂ ಇಳಿದಿರುತ್ತದೆ. ಅನುಭವಿಗಳು ಹೆಸರಿಗಿಂತ ಮೊದಲು ತಾರೀಖು, ಹೆರಿಗೆ ಮಾಡಿಸಿದವರ ಸಹಿ, ಸಾಕ್ಷಿಯ ವಿಳಾಸ ನೋಡುತ್ತಾರೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ಅಲ್ಲಿಯವರೆಗೆ ಯೋಚಿಸಿರುವುದಿಲ್ಲ.

ಈಗಿನ ನಿಯಮಗಳು ಬೇರು ಹುಡುಕುವ ಹಕ್ಕನ್ನು ಕೊಡುತ್ತವೆ. ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು, ಅದಕ್ಕಿಂತ ಚಿಕ್ಕವರು ಸಾಕಿದವರ ಜೊತೆಗೂಡಿ. ಆದರೆ ಹೆತ್ತವಳ ಖಾಸಗಿತನವನ್ನು ಮೀರುವ ಹಾಗಿಲ್ಲ. ಹೆಸರು ಹೇಳಬೇಡಿ ಎಂದು ಅವಳು ಬರೆದುಕೊಟ್ಟಿದ್ದರೆ ಅವಳ ಲಿಖಿತ ಒಪ್ಪಿಗೆ ಬೇಕು. ಈ ಷರತ್ತನ್ನು ಬರಿಯ ಸರ್ಕಾರಿ ಅಡ್ಡಗಾಲು ಎಂದು ತಳ್ಳಿಹಾಕುವುದು ತಪ್ಪಾದೀತು. 1970ರ ದಶಕದಲ್ಲಿ ಹೆತ್ತು ಕೊಟ್ಟು, ಆಮೇಲೆ ಮದುವೆಯಾಗಿ ಎಪ್ಪತ್ತು ದಾಟಿದ ಹೆಂಗಸಿನ ಮನೆಯಲ್ಲಿ ಗಂಡನಿಗೂ ಮಕ್ಕಳಿಗೂ ಗೊತ್ತಿಲ್ಲದ ಸಂಗತಿ ಅದಾಗಿರಬಹುದು.

ಡಿಎನ್‌ಎ ಮಾತ್ರ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಅವಳ ಅಣ್ಣನ ಮೊಮ್ಮಗ ಟೆಕ್ಸಾಸಿನಲ್ಲಿ ಕುತೂಹಲಕ್ಕೆ ಕೊಳವೆಗೆ ಉಗುಳಿದರೂ ಗುಟ್ಟು ರಟ್ಟಾದೀತು. ಸದ್ಯಕ್ಕೆ ಭಾರತೀಯರ ವಿಷಯದಲ್ಲಿ ಹಾಗಾಗುವುದು ಅಪರೂಪ. ಪಾಶ್ಚಾತ್ಯ ಕಂಪನಿಗಳ ಸಂಗ್ರಹದಲ್ಲಿ ನಮ್ಮವರು ಕಡಿಮೆ, ಇರುವವರಲ್ಲಿ ಹೆಚ್ಚಿನವರು ವಲಸೆ ಹೋದವರು. ದತ್ತು ಹೋದವರು ಉಗುಳುತ್ತಾರೆ, ಅವರನ್ನು ಕಳೆದುಕೊಂಡ ಮನೆಯವರು ಉಗುಳುವುದಿಲ್ಲ. ಕೊರಿಯಾ ಈ ಅಸಮತೋಲವನ್ನು ಸ್ವಲ್ಪ ಸರಿಪಡಿಸಿದೆ. ಅಲ್ಲಿ ಮಗುವನ್ನು ಕಳೆದುಕೊಂಡವರು ಪೊಲೀಸ್ ಠಾಣೆಯಲ್ಲಿ ಮಾದರಿ ಕೊಡಬಹುದು. 2020ರಿಂದ ದತ್ತು ಹೋದವರು ತಾವಿರುವ ದೇಶದ ಕೊರಿಯಾ ರಾಯಭಾರ ಕಚೇರಿಯಲ್ಲೇ ಕೊಡಬಹುದು.

ಭಾರತದ ನಿಯಮಗಳಲ್ಲಿ ಹುಡುಕುವ ಹಕ್ಕು ಮಗುವಿನದು. ಮಗುವನ್ನು ಕೊಟ್ಟ ತಾಯಿ ತಾನಾಗಿ ಬಂದು, ತನ್ನ ಮಾದರಿ ಇಟ್ಟುಕೊಳ್ಳಿ, ಯಾರಾದರೂ ಕೇಳಿದರೆ ಹೇಳಿ ಎನ್ನಲು ಇಲ್ಲಿ ಅಂಥದೊಂದು ಕಿಟಕಿ ಇಲ್ಲ. ಅದನ್ನು ತೆರೆಯಲು ಬೇಕಾದ ತಂತ್ರಜ್ಞಾನ ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಇದೆ, ಒಪ್ಪಿಗೆಯ ತೊಡಕೂ ಅಲ್ಲಿ ಬರುವುದಿಲ್ಲ. ತಾಯಿ ತೀರಿಕೊಂಡಿದ್ದರೆ ಅವಳ ತಂಗಿಯೋ, ತಂಗಿಯ ಮಗಳೋ ಕೊಟ್ಟ ಮಾದರಿ ಸಾಕು. ಮೈಟೊಕಾಂಡ್ರಿಯಾ ಅದೇ ಆಗಿರುತ್ತದೆ. ಅಲ್ಲಿಯವರೆಗೆ, ಊರು ಹುಡುಕಿಕೊಂಡು ಬರುವವರು ಮೊದಲು ಹೋಗಬೇಕಾದ್ದು ಶಿಶುಧಾಮದ ಕಚೇರಿಗೆ, ಅದು ಮುಚ್ಚಿದ್ದರೆ ರಾಜ್ಯ ದತ್ತು ಸಂಸ್ಥೆಗೆ, ಪೋಷಕತ್ವದ ಆದೇಶ ಹೊರಡಿಸಿದ ನ್ಯಾಯಾಲಯದ ದಾಖಲೆ ಕೋಣೆಗೆ.